ಮೀರಬಾರದ ಮಿತಿಗಳ ಲೆಕ್ಕ: ಜೋಸೆಫ್ ಫೋರಿಯರ್

ವಿಜ್ಞಾನ ವಿಷಯ ಆರಿಸಿಕೊಂಡವರಿಗೆ ಫೋರಿಯರ್ ಎಂಬ ಹೆಸರು ಇಂದಲ್ಲ ನಾಳೆ ಎದುರಾಗುತ್ತದೆ. ಇಂಜಿನಿಯರಿಂಗ್ ಓದುವವರಂತೂ ಫೋರಿಯರ್ ಶ್ರೇಣಿಯನ್ನು ಕಲಿಯದೆ ಮುಂದೆ ಹೋಗುವಂತಿಲ್ಲ. ಆದರೆ ಪ್ರಥಮ ಪಿಯುಸಿಯಲ್ಲಿ ನೀವು ಓದುವ ರೇಖಾತ್ಮಕ ಅಸಮತೆಗಳ ಪಾಠಕ್ಕೂ ಈ ಮಹನೀಯರಿಗೂ ಇರುವ ನಂಟು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಜೋಸೆಫ್ ಫೋರಿಯರ್ 1768ರ ಮಾರ್ಚ್ 21ರಂದು ಫ್ರಾನ್ಸಿನ ಓಸೇರ್ ಪಟ್ಟಣದಲ್ಲಿ ಜನಿಸಿದರು. ತಂದೆ ದರ್ಜಿ. ಮನೆ ತುಂಬಾ ಮಕ್ಕಳು. ಹತ್ತರ ಆಸುಪಾಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಈ ಬಾಲಕನಿಗೆ ಊರಿನ ಸೈನಿಕ ಶಾಲೆಯಲ್ಲಿ ಆಸರೆ ಸಿಕ್ಕಿತು. ಅಲ್ಲಿ ಗಣಿತದ ಹುಚ್ಚು ಹಿಡಿಯಿತು. ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅದರ ಬೆಳಕಿನಲ್ಲಿ ಲೆಕ್ಕ ಬಿಡಿಸುತ್ತಿದ್ದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಫಿರಂಗಿ ದಳದ ಅಧಿಕಾರಿಯಾಗಬೇಕೆಂಬ ಆಸೆ ಮಾತ್ರ ಕೈಗೂಡಲಿಲ್ಲ. ಪ್ರತಿಭೆಯ ಕೊರತೆಯಿಂದಲ್ಲ, ಶ್ರೀಮಂತ ಮನೆತನದಲ್ಲಿ ಹುಟ್ಟಿಲ್ಲ ಎಂಬ ಕಾರಣಕ್ಕೆ.

1789ರಲ್ಲಿ ಫ್ರೆಂಚ್ ಕ್ರಾಂತಿ ನಡೆಯಿತು. ಅದು ಫೋರಿಯರ್‌ಗೆ ಬಾಗಿಲನ್ನೂ ತೆರೆಯಿತು, ಜೈಲನ್ನೂ ತೋರಿಸಿತು. 1794ರಲ್ಲಿ ಬಂಧಿತರಾದ ಅವರು ರೋಬೆಸ್ಪಿಯರ್ ಪತನದ ನಂತರ ಹೊರಬಂದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಲಾಗ್ರಾಂಜ್, ಲಾಪ್ಲಾಸ್‌ರಂಥ ಘಟಾನುಘಟಿಗಳ ಶಿಷ್ಯರಾದರು. 1797ರ ಹೊತ್ತಿಗೆ ಲಾಗ್ರಾಂಜ್ ಅವರದೇ ಪೀಠದಲ್ಲಿ ಪಾಠ ಹೇಳುವಷ್ಟು ಬೆಳೆದಿದ್ದರು.

1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದ ವಿದ್ವಾಂಸರಲ್ಲಿ ಫೋರಿಯರ್ ಕೂಡಾ ಒಬ್ಬರು. ಕೈರೋದಲ್ಲಿ ಸ್ಥಾಪನೆಯಾದ ಸಂಸ್ಥೆಗೆ ಅವರೇ ಕಾರ್ಯದರ್ಶಿ. ಇದನ್ನು ಜ್ಞಾನಯಾತ್ರೆಯೆಂದು ಹೊಗಳುವವರಿದ್ದಾರೆ. ಆದರೆ ಅದು ಮೊದಲಿಗೆ ದಂಡಯಾತ್ರೆ. ಅದೇ ವರ್ಷ ಕೈರೋದ ಜನ ಅದರ ವಿರುದ್ಧ ದಂಗೆ ಎದ್ದಿದ್ದರು ಎಂಬುದನ್ನೂ ನಾವು ನೆನಪಿಡಬೇಕು. 1801ರಲ್ಲಿ ಮರಳಿದ ಫೋರಿಯರ್‌ರನ್ನು ನೆಪೋಲಿಯನ್ ಗ್ರೆನೋಬಲ್‌ನಲ್ಲಿ ಜಿಲ್ಲಾಡಳಿತದ ಮುಖ್ಯಸ್ಥರನ್ನಾಗಿ ನೇಮಿಸಿದರು. ಜೌಗು ಪ್ರದೇಶ ಒಣಗಿಸುವುದು, ರಸ್ತೆ ಮಾಡಿಸುವುದು ಇತ್ಯಾದಿ ಕೆಲಸಗಳ ನಡುವೆಯೇ ಉಷ್ಣದ ಹರಿವಿನ ಬಗ್ಗೆ ಸಂಶೋಧನೆ ನಡೆಸಿದರು. 1807ರಲ್ಲಿ ಅದನ್ನು ಮಂಡಿಸಿದಾಗ ಗುರುಗಳೇ ಆಕ್ಷೇಪವೆತ್ತಿದರು. ಪೂರ್ಣ ಗ್ರಂಥ ಹೊರಬರಲು 1822 ಬರಬೇಕಾಯಿತು. ಅದೇ ವರ್ಷ ಅವರು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಶಾಶ್ವತ ಕಾರ್ಯದರ್ಶಿಯಾದರು.

ನಮ್ಮ ವಿಷಯ ಶುರುವಾಗುವುದು ಇಲ್ಲಿಂದ. ಕೀರ್ತಿ, ಪದವಿ ಎರಡೂ ಬಂದಿದ್ದ ಆ 1820ರ ದಶಕದಲ್ಲಿ ಫೋರಿಯರ್ ಕೈಗೆತ್ತಿಕೊಂಡದ್ದು ಅಸಮತೆಗಳನ್ನು. > ಮತ್ತು < ಚಿಹ್ನೆಗಳು ಹೊಸವಲ್ಲ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತೀರಿಹೋದ ಮೇಲೆ 1631ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲೇ ಅಚ್ಚಾಗಿದ್ದವು. ಫೋರಿಯರ್ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಹಲವು ಷರತ್ತುಗಳು ಒಟ್ಟಿಗೇ ಬಂದಾಗ ಅವೆಲ್ಲವನ್ನೂ ಪಾಲಿಸುವ ಉತ್ತರವನ್ನು ಕ್ರಮಬದ್ಧವಾಗಿ ಹುಡುಕುವುದು ಹೇಗೆಂದು ಯೋಚಿಸಿದರು.

ಅವರ ಒಂದು ಉದಾಹರಣೆ ಮೂರು ಕಾಲಿನ ಮೇಜು. ಮೇಜು ತ್ರಿಕೋನಾಕಾರದ್ದು, ಮೂಲೆಗೊಂದು ಕಾಲು. ಒಂದೊಂದು ಕಾಲೂ 10 ಕಿಲೋ ಮಾತ್ರ ತಾಳುತ್ತದೆ ಎಂದಿಟ್ಟುಕೊಳ್ಳೋಣ (ಈ ಅಂಕಿ ನಮ್ಮ ಅನುಕೂಲಕ್ಕೆ, ಮೇಜಿನ ಸ್ವಂತ ತೂಕ ಲೆಕ್ಕಕ್ಕಿಲ್ಲ). 10 ಕಿಲೋದ ಕಲ್ಲನ್ನು ನೀವು ಎಲ್ಲಿಟ್ಟರೂ ಭಯವಿಲ್ಲ. 30 ಕಿಲೋ ಆದರೆ ನಟ್ಟನಡುವಿನ ಒಂದೇ ಬಿಂದುವಿನಲ್ಲಿ ಇಡಬಹುದು. ಅದಕ್ಕಿಂತ ಹೆಚ್ಚಾದರೆ ಜಾಗವೇ ಇಲ್ಲ. ಹಾಗಾದರೆ 20 ಕಿಲೋ? ಮೇಜಿನ ಮೂರು ಬದಿಗಳ ಮಧ್ಯಬಿಂದುಗಳನ್ನು ಸೇರಿಸಿ. ಒಳಗೊಂದು ಚಿಕ್ಕ ತ್ರಿಕೋನ ಸಿಗುತ್ತದೆ. ಅದರೊಳಗೆ ಎಲ್ಲಿಟ್ಟರೂ ಸರಿ, ಹೊರಗಿಟ್ಟರೆ ಒಂದು ಕಾಲು ಮುರಿಯುತ್ತದೆ. ನೀವು ಗ್ರಾಫ್ ಹಾಳೆಯಲ್ಲಿ ಗೆರೆಗಳನ್ನೆಳೆದು ಪೆನ್ಸಿಲಿನಿಂದ ಛಾಯೆ ತುಂಬುವ ಪ್ರದೇಶ ಇಂಥದ್ದೇ. ಅಸಮತೆಗಳ ಉತ್ತರ ಹೆಚ್ಚಾಗಿ ಒಂದು ಸಂಖ್ಯೆಯಲ್ಲ, ಒಂದು ಜಾಗ.

ಅದನ್ನು ಲೆಕ್ಕದಲ್ಲಿ ಹಿಡಿಯುವುದು ಹೇಗೆ? ಸಮೀಕರಣವಾದರೆ ಒಂದರಿಂದ ಇನ್ನೊಂದನ್ನು ಕಳೆದು ಒಂದು ಅಕ್ಷರವನ್ನು ಹೊರಹಾಕುತ್ತೇವೆ. ಅಸಮತೆಯಲ್ಲಿ ಅದು ನಡೆಯದು. 5 ಎಂಬುದು 4ಕ್ಕಿಂತ ದೊಡ್ಡದು, 3 ಎಂಬುದು 1ಕ್ಕಿಂತ ದೊಡ್ಡದು. ಕಳೆದು ನೋಡಿ, 2 ಎಂಬುದು 3ಕ್ಕಿಂತ ದೊಡ್ಡದೇ? ಫೋರಿಯರ್ ಬೇರೆ ದಾರಿ ಹಿಡಿದರು. ಎಕ್ಸ್ ಎಂಬುದು ವೈಗಿಂತ ಕನಿಷ್ಠ 2 ಹೆಚ್ಚಿರಬೇಕು, ಎರಡರ ಮೊತ್ತ 10 ದಾಟಬಾರದು ಎಂಬ ಷರತ್ತುಗಳಿವೆ ಎನ್ನಿ. ಅಂದರೆ ಎಕ್ಸ್‌ಗೆ ಕೆಳಗಿನ ಮಿತಿ ವೈ + 2, ಮೇಲಿನ ಮಿತಿ 10 − ವೈ. ಕೆಳಗಿನ ಮಿತಿ ಮೇಲಿನದನ್ನು ಮೀರುವಂತಿಲ್ಲವಲ್ಲ! ಹಾಗಾಗಿ ವೈ + 2 ಎಂಬುದು 10 − ವೈಗಿಂತ ಹೆಚ್ಚಿರಬಾರದು. ಎಕ್ಸ್ ಮಾಯವಾಯಿತು, ವೈ 4ನ್ನು ಮೀರಬಾರದು ಎಂಬ ಉತ್ತರ ಉಳಿಯಿತು. ಷರತ್ತುಗಳು ಎಷ್ಟೇ ಇರಲಿ, ಪ್ರತಿಯೊಂದು ಕೆಳಮಿತಿಯನ್ನೂ ಪ್ರತಿಯೊಂದು ಮೇಲ್ಮಿತಿಯೊಂದಿಗೆ ಜೋಡಿಸುತ್ತಾ ಹೋದರಾಯಿತು. 5 ಕೆಳಮಿತಿ, 5 ಮೇಲ್ಮಿತಿ ಇದ್ದರೆ 25 ಹೊಸ ಅಸಮತೆಗಳಾಗುತ್ತವೆ. ಇದೇ ಈ ವಿಧಾನದ ದೊಡ್ಡ ತೊಡಕು.

ಇಲ್ಲೊಂದು ಮಾತು ಪರೀಕ್ಷೆಗೆ ಕೂರುವವರಿಗೆ. ಮಿತಿಗಳನ್ನು ಬೇರ್ಪಡಿಸುವಾಗ ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಚಿಹ್ನೆಯ ಬಾಯಿ ತಿರುಗಲೇಬೇಕು. 2 ಎಂಬುದು 3ಕ್ಕಿಂತ ಚಿಕ್ಕದು, ಆದರೆ −2 ಎಂಬುದು −3ಕ್ಕಿಂತ ದೊಡ್ಡದು. ಇದನ್ನು ಮರೆತರೆ ಮೇಲ್ಮಿತಿ ಕೆಳಮಿತಿಯಾಗಿ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಈಜಿಪ್ಟಿನಿಂದ ಬಂದ ಮೇಲೆ ಫೋರಿಯರ್‌ಗೆ ಚಳಿ ಸಹಿಸಲಾಗುತ್ತಿರಲಿಲ್ಲ. ಕೋಣೆಯನ್ನು ಬಿಸಿಯಾಗಿಟ್ಟು, ದಪ್ಪ ಬಟ್ಟೆ ಹೊದ್ದೇ ಇರುತ್ತಿದ್ದರು. 1830ರ ಮೇ 16ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಅಸಮತೆಗಳ ಕುರಿತು ಅವರು ಬರೆಯಬೇಕೆಂದಿದ್ದ ವಿವರವಾದ ಭಾಗ ಪೂರ್ಣವಾಗಲೇ ಇಲ್ಲ. 1890ರಲ್ಲಿ ಅವರ ಕೃತಿಗಳ ಎರಡನೆಯ ಸಂಪುಟವನ್ನು ಹೊರತಂದ ಗಣಿತಜ್ಞ ದಾರ್ಬೂ ಅವರಿಗೂ ಈ ವಿಷಯಕ್ಕೆ ಫೋರಿಯರ್ ಅತಿಯಾದ ಮಹತ್ವ ಕೊಟ್ಟರೆಂದೇ ಅನಿಸಿತ್ತು.

ಆದರೆ 1939ರಲ್ಲಿ ರಷ್ಯಾದ ಕಾಂಟೊರೊವಿಚ್ ಕಾರ್ಖಾನೆಗಳ ಉತ್ಪಾದನಾ ಯೋಜನೆಗೆ, 1947ರಲ್ಲಿ ಅಮೆರಿಕದ ಡಾಂಟ್ಜಿಗ್ ವಾಯುಪಡೆಯ ಯೋಜನೆಗಳಿಗೆ ಬಳಸಿದ್ದು ರೇಖಾತ್ಮಕ ಅಸಮತೆಗಳನ್ನೇ. ಅದಕ್ಕೂ ಮೊದಲು 1936ರಲ್ಲಿ ಮೋಟ್ಸ್ಕಿನ್ ಎಂಬ ತರುಣ ತನ್ನ ಪ್ರೌಢಪ್ರಬಂಧದಲ್ಲಿ ಮಿತಿಗಳನ್ನು ಜೋಡಿಸುವ ಆ ಹಳೆಯ ವಿಧಾನವನ್ನು ಮತ್ತೆ ಕಂಡುಹಿಡಿದಿದ್ದರು. ಈಗ ಅದು ಇಬ್ಬರ ಹೆಸರಿನಲ್ಲೂ ಸೇರಿ, ಫೋರಿಯರ್-ಮೋಟ್ಸ್ಕಿನ್ ವಿಧಾನವೆಂದೇ ಪ್ರಸಿದ್ಧವಾಗಿದೆ.