ಹದವರಿತ ವಿಜ್ಞಾನಿ ಪಾಲ್ ಸಬಾಟಿಯೆ

ರಸಾಯನಶಾಸ್ತ್ರಜ್ಞ ಪಾಲ್ ಸಬಾಟಿಯೆ ಅವರು 1854ರ ನವೆಂಬರ್ 5ರಂದು ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಎಂಬ ಊರಿನಲ್ಲಿ ಜನಿಸಿದರು. ಪ್ಯಾರಿಸ್ಸಿನಲ್ಲಿ ವ್ಯಾಸಂಗ ಮುಗಿಸಿ, ಒಂದು ವರ್ಷ ನೀಮ್ ಪಟ್ಟಣದ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದರು. 1880ರಲ್ಲಿ ಡಾಕ್ಟರೇಟ್ ಪಡೆದು, 1882ರಲ್ಲಿ ತಮ್ಮ ಸೀಮೆಯ ಟುಲೂಸ್ ನಗರಕ್ಕೆ ಮರಳಿದರು. ಎರಡು ವರ್ಷಗಳಲ್ಲಿ ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು.

1897ರಲ್ಲಿ ಅವರೂ ಸಹೋದ್ಯೋಗಿ ಸೆಂಡೆರೆನ್ಸರೂ ಎಥಿಲೀನ್ ಮತ್ತು ಹೈಡ್ರೋಜನ್ ಅನಿಲಗಳನ್ನು ನಿಕ್ಕಲ್ ಪುಡಿಯ ಮೇಲೆ ಹಾಯಿಸಿದರು. ಎರಡೂ ಕೂಡಿ ಈಥೇನ್ ಆಯಿತು. ನಿಕ್ಕಲ್ ಮಾತ್ರ ಖರ್ಚಾಗದೆ ಉಳಿಯಿತು. ಇದೇ ಕ್ರಿಯಾವರ್ಧಕದ ಕೆಲಸ.

ಆದರೆ ಎಲ್ಲ ನಿಕ್ಕಲ್ಲೂ ಹೀಗೆ ಕೆಲಸ ಮಾಡುವುದಿಲ್ಲ. ನಿಕ್ಕಲ್ ಆಕ್ಸೈಡನ್ನು ಹೈಡ್ರೋಜನ್ನಿನಲ್ಲಿ ಕಾಯಿಸಿ ಆಮ್ಲಜನಕವನ್ನು ತೆಗೆಯಬೇಕು. ಪಾಠದಲ್ಲಿ ಇದನ್ನು ಅಪಕರ್ಷಣ ಎಂದು ಓದಿದ್ದೇವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅಪಕರ್ಷಿಸಿದರೆ ನಯವಾದ, ಚುರುಕಾದ ಪುಡಿ ಸಿಗುತ್ತದೆ. ಕಾವು ಸಾಲದಿದ್ದರೆ ಆಕ್ಸೈಡ್ ಹಾಗೇ ಉಳಿಯುತ್ತದೆ. ಅತಿಯಾದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ. ಕ್ರಿಯೆ ನಡೆಯುವುದು ಕಣಗಳ ಮೇಲ್ಮೈಯಲ್ಲಿ. ಮೇಲ್ಮೈ ಕುಗ್ಗಿದಂತೆ ಚುರುಕೂ ಕುಗ್ಗುತ್ತದೆ. ಬೆಲ್ಲದ ಪಾಕದಂತೆ ಇಲ್ಲಿಯೂ ಹದವೇ ಮುಖ್ಯ. ಹೈಡ್ರೋಜನ್ನಿನಲ್ಲಿ ಗಂಧಕದ ಅಂಶ ಲವಲೇಶವಿದ್ದರೂ ಪುಡಿ ನಿಷ್ಕ್ರಿಯವಾಗುತ್ತದೆ. ಗಾಳಿ ತಾಗಿದರೆ ಹೊಸ ಪುಡಿ ತಾನಾಗಿ ಕೆಂಡವಾಗಬಹುದು. ಆದ್ದರಿಂದ ಅಪಕರ್ಷಿಸಿದ ನಳಿಗೆಯಲ್ಲೇ ಅದನ್ನು ಬಳಸುತ್ತಿದ್ದರು. ಇಷ್ಟೆಲ್ಲ ಎಚ್ಚರದಿಂದ ದುಡಿದು 1901ರಲ್ಲಿ ಬೆಂಜೀನನ್ನು ಸೈಕ್ಲೋಹೆಕ್ಸೇನ್ ಆಗಿಸಿದರು.

ಈ ದಾರಿಯನ್ನೇ ಮುಂದುವರಿಸಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಎಣ್ಣೆಯನ್ನು ಗಟ್ಟಿಯಾಗಿಸುವ ವಿಧಾನ ಕಂಡುಹಿಡಿದರು. ನಮ್ಮ ಅಡುಗೆಮನೆಗೆ ಡಾಲ್ಡಾ ಬಂದದ್ದು ಆ ವಿಧಾನದಿಂದಲೇ. ಇಂಗಾಲದ ಡೈಆಕ್ಸೈಡಿನಿಂದ ಮೀಥೇನ್ ಮತ್ತು ನೀರು ಪಡೆಯುವ ಸಬಾಟಿಯೆ ಕ್ರಿಯೆಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಬಳಸಲಾಗಿದೆ.

1907ರಲ್ಲಿ ಪ್ಯಾರಿಸ್ಸಿನಿಂದ ದೊಡ್ಡ ಹುದ್ದೆಗೆ ಕರೆ ಬಂದಾಗ ಸಬಾಟಿಯೆ ಒಪ್ಪಲಿಲ್ಲ. ಟುಲೂಸಿನಲ್ಲೇ ಉಳಿದು, ವಿಜ್ಞಾನ ವಿಭಾಗದ ಡೀನ್ ಆಗಿ 1905ರಿಂದ 1929ರವರೆಗೆ ಸೇವೆ ಸಲ್ಲಿಸಿದರು. 1912ರ ನೊಬೆಲ್ ಪ್ರಶಸ್ತಿ ಅವರಿಗೂ ವಿಕ್ಟರ್ ಗ್ರಿನ್ಯಾರ್ ಅವರಿಗೂ ಹಂಚಿಕೆಯಾಯಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರು ಪ್ಯಾರಿಸ್ಸಿನಲ್ಲೇ ವಾಸಿಸಬೇಕಿತ್ತು. ಹೊರಗಿನವರಿಗೆಂದು ಹೊಸ ಸ್ಥಾನಗಳು ಏರ್ಪಟ್ಟಾಗ, 1913ರಲ್ಲಿ ಮೊದಲು ಆಯ್ಕೆಯಾದವರು ಸಬಾಟಿಯೆ.

1941ರ ಆಗಸ್ಟ್ 14ರಂದು ಟುಲೂಸಿನಲ್ಲೇ ಅವರು ನಿಧನರಾದರು. ರಾಜಧಾನಿಯಿಂದ ದೂರದ ಊರಿನ ಪ್ರಯೋಗಶಾಲೆಯಲ್ಲಿಯೂ ಜಗತ್ತಿಗೆ ಬೇಕಾದ ಕೆಲಸ ನಡೆಯಬಲ್ಲದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ನಮ್ಮ ಶಾಲೆಯ ಮಕ್ಕಳು ಇದನ್ನು ನೆನಪಿಡಲಿ.