ಬೆರಳ ತುದಿಗೆ ಅಕ್ಷರವನ್ನು ತಂದ ಗುರು: ಲೂಯಿ ಬ್ರೈಲ್

ಜನವರಿ 4 ವಿಶ್ವ ಬ್ರೈಲ್ ದಿನ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮ್ಮ ಭಕ್ತಬಾಂಧವರಿಗೆ ಅಂಧರ ವಿದ್ಯಾದಾನವೆಂಬುದು ಹೊಸ ವಿಷಯವಲ್ಲ. ಪಂಚಾಕ್ಷರಿ ಗವಾಯಿಗಳು ತಾವೇ ದೃಷ್ಟಿಹೀನರಾಗಿದ್ದು ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದುದು ಈ ನಾಡಿನ ಮನೆಮಾತಾಗಿದೆ. ಅವರಿಗೂ ಸುಮಾರು ಒಂದು ಶತಮಾನ ಮೊದಲು ಫ್ರಾನ್ಸ್ ದೇಶದ ಶಾಲೆಯೊಂದರಲ್ಲಿ ಮತ್ತೊಬ್ಬ ಅಂಧ ಗುರುಗಳು ಮಾಡಿದ ಕಾರ್ಯವನ್ನೂ, ಆ ಕಾರ್ಯಕ್ಕೆ ಅದೇ ಶಾಲೆಯ ಮುಖ್ಯಸ್ಥರಿಂದಲೇ ಬಂದ ವಿಘ್ನವನ್ನೂ ಇಲ್ಲಿ ನಿವೇದಿಸಬಯಸುತ್ತೇವೆ.

ಲೂಯಿ ಬ್ರೈಲ್ ಅವರು 1809ರ ಜನವರಿ 4ರಂದು ಪ್ಯಾರಿಸ್ ಸಮೀಪದ ಕೂವ್ರೇ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆಯವರದು ಕುದುರೆಯ ಜೀನು, ಲಗಾಮುಗಳನ್ನು ಸಿದ್ಧಪಡಿಸುವ ಕಾಯಕ. ಮೂರರ ಹರೆಯದಲ್ಲಿ ತಂದೆಯ ಕಮ್ಮಟದಲ್ಲಿ ಆಡುತ್ತಿದ್ದಾಗ ಚರ್ಮ ಕೊರೆಯುವ ಉಪಕರಣವೊಂದು ಕಣ್ಣಿಗೆ ಚುಚ್ಚಿತು. ಆ ಗಾಯದ ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣುಗಳು ಹೋದವು. ತಂದೆತಾಯಿಗಳು ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಊರಿನ ಶಾಲೆಗೆ ಕಳುಹಿದರು. 1819ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಂಧ ಬಾಲಕರ ರಾಜಕೀಯ ವಿದ್ಯಾಲಯಕ್ಕೆ ಸೇರಿಸಿದರು.

ಆ ವಿದ್ಯಾಲಯವನ್ನು ಸ್ಥಾಪಿಸಿದ ವ್ಯಾಲೆಂಟಿನ್ ಆಯುಯಿ ಅವರು ಕಾಗದದ ಮೇಲೆ ಅಕ್ಷರಗಳನ್ನು ಉಬ್ಬಿಸಿ ಮುದ್ರಿಸುವ ಕ್ರಮವನ್ನು ಆರಂಭಿಸಿದ್ದರು. ಅವು ಕಣ್ಣುಳ್ಳವರು ಓದುವ ಅಕ್ಷರಗಳೇ. ಮಕ್ಕಳು ಪ್ರತಿಯೊಂದು ಅಕ್ಷರದ ಸುತ್ತ ಬೆರಳಾಡಿಸಿ ಗುರುತಿಸಬೇಕಾಗಿತ್ತು. ವಾಕ್ಯದ ಕೊನೆಗೆ ತಲುಪುವಷ್ಟರಲ್ಲಿ ಮೊದಲನ್ನು ಮರೆಯುವಷ್ಟು ಅದು ನಿಧಾನ. ಪುಸ್ತಕಗಳು ಭಾರವಾದವು, ದುಬಾರಿಯಾದವು, ಬಹಳ ಕಡಿಮೆ. ಎಲ್ಲಕ್ಕೂ ಮಿಗಿಲಾಗಿ, ಆ ಕ್ರಮದಲ್ಲಿ ಮಕ್ಕಳು ತಾವೇ ಕುಳಿತು ಬರೆಯುವಂತಿರಲಿಲ್ಲ. ಓದುವುದು ಬಂದೂ ಬರೆಯಲಾಗದವನ ವಿದ್ಯೆಯನ್ನು ಅರೆವಿದ್ಯೆಯೆಂದೇ ನಾವು ಎಣಿಸುತ್ತೇವೆ.

1821ರಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಶಾರ್ಲ್ ಬಾರ್ಬಿಯೆ ಅವರು ಉಬ್ಬುಚುಕ್ಕಿಗಳ ಒಂದು ಬರಹವನ್ನು ಶಾಲೆಗೆ ತಂದರು. ಹನ್ನೆರಡು ಚುಕ್ಕಿಗಳ ಮನೆಯಲ್ಲಿ ಅದು ಧ್ವನಿಗಳನ್ನು ಸೂಚಿಸುತ್ತಿತ್ತು. ಕಾಗುಣಿತವಾಗಲಿ ವಿರಾಮಚಿಹ್ನೆಯಾಗಲಿ ಇರಲಿಲ್ಲ. ಹನ್ನೆರಡು ಚುಕ್ಕಿಗಳು ಒಂದು ಬೆರಳ ತುದಿಯೊಳಗೆ ಹಿಡಿಯುವುದೂ ಇಲ್ಲ. ಬಾಲಕ ಲೂಯಿ ಅದನ್ನು ತಿದ್ದುತ್ತ ಕುಳಿತನು. ಹದಿನೈದು ವರ್ಷದ ಹೊತ್ತಿಗೆ, 1824ರಲ್ಲಿ, ಆರು ಚುಕ್ಕಿಗಳ ಲಿಪಿ ರೂಪುಗೊಂಡಿತು. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ. ಅವುಗಳಿಂದ 63 ಜೋಡಣೆಗಳು. ಅಕ್ಷರ, ಅಂಕಿ, ವಿರಾಮಚಿಹ್ನೆ, ಸಂಗೀತದ ಸ್ವರಲಿಪಿ ಎಲ್ಲಕ್ಕೂ ಅಷ್ಟೇ ಸಾಕಾಯಿತು. ಒಂದು ಹಲಗೆ, ಒಂದು ಮೊನೆಯಿದ್ದರೆ ಮಗು ತಾನೇ ಬರೆಯಬಹುದು, ಬರೆದುದನ್ನು ತಾನೇ ಓದಬಹುದು. ಕಣ್ಣು ಕಳೆದುದೂ ಅಕ್ಷರ ಕೊಟ್ಟುದೂ ಚುಚ್ಚುವ ಮೊನೆಯೇ ಎಂದು ಅನೇಕರು ಬಣ್ಣಿಸುತ್ತಾರೆ. ನಮಗಾದರೋ ಆ ಹುಡುಗನ ಮೂರು ವರ್ಷಗಳ ತಾಳ್ಮೆಯೇ ಹಿರಿದಾಗಿ ಕಾಣುತ್ತದೆ.

1829ರಲ್ಲಿ ಈ ಕ್ರಮವನ್ನು ವಿವರಿಸುವ ಗ್ರಂಥ ಪ್ರಕಟವಾಯಿತು. ಬ್ರೈಲ್ ಅವರು ಅದೇ ಶಾಲೆಯಲ್ಲಿ ಶಿಕ್ಷಕರಾಗಿ ವ್ಯಾಕರಣ, ಇತಿಹಾಸ, ಗಣಿತ, ಸಂಗೀತಗಳನ್ನು ಬೋಧಿಸಿದರು. ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದರು. ಮುಖ್ಯಸ್ಥರಾಗಿದ್ದ ಪಿನ್ಯೇ ಅವರು ಹೊಸ ಲಿಪಿಗೆ ಸರ್ಕಾರದ ಅಂಗೀಕಾರ ದೊರೆಯದಿದ್ದರೂ ಶಾಲೆಯೊಳಗೆ ಅದನ್ನು ಬಳಸಲು ಅವಕಾಶವಿತ್ತರು. 1837ರಲ್ಲಿ ಫ್ರಾನ್ಸಿನ ಇತಿಹಾಸವು ಮೂರು ಸಂಪುಟಗಳಲ್ಲಿ ಬ್ರೈಲ್ ಲಿಪಿಯಲ್ಲಿ ಅಲ್ಲಿಯೇ ಮುದ್ರಣಗೊಂಡಿತು.

1840ರಲ್ಲಿ ಪಿನ್ಯೇ ಅವರನ್ನು ಹುದ್ದೆಯಿಂದ ಇಳಿಸಿ ಅವರ ಸಹಾಯಕರಾಗಿದ್ದ ಡ್ಯುಫೋ ಅವರು ಮುಖ್ಯಸ್ಥರಾದರು. ಅವರು ಬ್ರೈಲ್ ಲಿಪಿಯನ್ನು ನಿಷೇಧಿಸಿದರು; ಪುಸ್ತಕಗಳನ್ನು ಸುಡಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ಅವರನ್ನು ದುಷ್ಟರೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಅಂಧರಿಗೆ ಬೇರೆಯೇ ಲಿಪಿಯಾದರೆ ಅವರು ಸಮಾಜದಿಂದ ಬೇರೆಯಾಗುವರೆಂಬ ಚಿಂತೆ ಅವರದಾಗಿತ್ತು. ಚಿಂತೆಯಲ್ಲಿ ಹುರುಳಿಲ್ಲದೆ ಇಲ್ಲ. ತಪ್ಪಿದುದು ಎಲ್ಲಿ ಎಂದರೆ, ಬೆರಳು ನಿರ್ಣಯಿಸಬೇಕಾದುದನ್ನು ಅವರು ಕಣ್ಣಿನಿಂದ ನಿರ್ಣಯಿಸಿದರು. ಲಿಪಿಯನ್ನು ದಿನವೂ ಬಳಸುವ ಮಕ್ಕಳನ್ನು ಕೇಳಲಿಲ್ಲ. ಆ ಚಿಂತೆಗೆ ಉತ್ತರವನ್ನೂ ಬ್ರೈಲ್ ಅವರೇ ಆಗಲೇ ಸಿದ್ಧಪಡಿಸಿದ್ದರು. ಕಣ್ಣುಳ್ಳವರ ಅಕ್ಷರಗಳ ಆಕಾರವನ್ನೇ ಚುಕ್ಕಿಗಳಿಂದ ಮೂಡಿಸುವ ಕ್ರಮವನ್ನು ಅವರು 1839ರಲ್ಲಿ ಪ್ರಕಟಿಸಿದ್ದರು. ಅದರಿಂದ ಅಂಧ ಬಾಲಕನು ಊರಿನ ತಾಯಿಗೆ ತಾನೇ ಪತ್ರ ಬರೆಯಬಹುದಾಗಿತ್ತು. ಆ ಬರಹ ಬೇಗ ಸಾಗಲೆಂದು ಶಾಲೆಯ ಹಳೆಯ ವಿದ್ಯಾರ್ಥಿ, ಅಂಧರೇ ಆದ ಪಿಯೇರ್ ಫೂಕೋ ಅವರು 1841ರಲ್ಲಿ ಹತ್ತು ಕೀಲಿಗಳ ಯಂತ್ರವೊಂದನ್ನು ನಿರ್ಮಿಸಿದರು. ಇಂದಿನ ಬೆರಳಚ್ಚು ಯಂತ್ರದ ಪೂರ್ವಜರಲ್ಲಿ ಅದೂ ಒಂದು.

ನಿಷೇಧವಿದ್ದರೂ ಮಕ್ಕಳು ಕದ್ದುಮುಚ್ಚಿ ಚುಕ್ಕಿ ಬರಹವನ್ನೇ ಬರೆದರು. ಉಪಮುಖ್ಯಸ್ಥರಾದ ಗ್ವಾದೇ ಅವರು ಇದನ್ನು ಕಂಡರು, ವಿಚಾರಿಸಿದರು, ಮುಖ್ಯಸ್ಥರ ಮನವೊಲಿಸಿದರು. 1844ರ ಫೆಬ್ರವರಿ 22ರಂದು ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಡ್ಯುಫೋ ಅವರ ಸಮ್ಮುಖದಲ್ಲಿಯೇ ಬ್ರೈಲ್ ಲಿಪಿಯ ಪ್ರಶಂಸೆಯೂ ಪ್ರದರ್ಶನವೂ ನಡೆಯಿತು. ತಮ್ಮ ಆಜ್ಞೆಯನ್ನು ತಾವೇ ಹಿಂಪಡೆಯಲು ಸಮ್ಮತಿಸಿದ ಮುಖ್ಯಸ್ಥರಿಗೂ ಇಲ್ಲಿ ಗೌರವ ಸಲ್ಲಬೇಕೆಂಬುದು ನಮ್ಮ ಅಭಿಮತ.

ಹಳೆಯ ಕಟ್ಟಡದ ತೇವದಲ್ಲಿ ಬೆಳೆದ ಬ್ರೈಲ್ ಅವರನ್ನು ಕ್ಷಯರೋಗ ಬಹುಕಾಲ ಕಾಡಿತು. 1852ರ ಜನವರಿ 6ರಂದು, 43ನೆಯ ವಯಸ್ಸಿನಲ್ಲಿ ಅವರು ಕಾಲವಾದರು. ಎರಡು ವರ್ಷಗಳ ಬಳಿಕ ಫ್ರಾನ್ಸ್ ಈ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿತು. ಭಾರತೀಯ ಭಾಷೆಗಳಿಗೆಲ್ಲ ಏಕರೂಪದ ಭಾರತಿ ಬ್ರೈಲ್ 1951ರಲ್ಲಿ ಬಂದಿತು; ಕನ್ನಡದ ಅಂಧ ಮಕ್ಕಳು ಇಂದು ಓದುವುದು ಅದೇ ಆರು ಚುಕ್ಕಿಗಳಲ್ಲಿ. ಗಣಕಯಂತ್ರಕ್ಕೆ ಜೋಡಿಸುವ ಬ್ರೈಲ್ ಫಲಕದ ಮೇಲೆ ಎದ್ದು ಇಳಿಯುವ ಮೊಳೆಗಳೂ ಅದೇ ಕ್ರಮವನ್ನು ಅನುಸರಿಸುತ್ತವೆ.

ಮರಣಾನಂತರ ತೆರೆಯದೆ ಸುಡಬೇಕೆಂದು ಅವರು ಒಂದು ಪುಟ್ಟ ಪೆಟ್ಟಿಗೆಯನ್ನು ಬಿಟ್ಟುಹೋಗಿದ್ದರು. ಕುತೂಹಲ ತಡೆಯಲಾಗದೆ ತೆರೆದವರಿಗೆ ಅದರಲ್ಲಿ ಕಂಡುದು ವಿದ್ಯಾರ್ಥಿಗಳು ಅವರಿಂದ ಪಡೆದ ಸಾಲದ ಚೀಟಿಗಳು.