ಬಾಗಿಲು ಮುಚ್ಚಿದ ಕಾಲೇಜು ಮತ್ತು ಐಸಾಕ್ ನ್ಯೂಟನ್

2020ನೆಯ ಇಸವಿಯಲ್ಲಿ ಕೊರೋನಾ ಜಾಡ್ಯದ ದೆಸೆಯಿಂದ ಶಾಲೆ ಕಾಲೇಜುಗಳು ಮುಚ್ಚಿ, ಊರಿಂದೂರಿಗೆ ಹೋಗುವುದೇ ನಿಂತಾಗ, ಹಿರಿಯರೊಬ್ಬರು ನನಗೆ ನ್ಯೂಟನ್ನನ ಕಥೆಯನ್ನು ಹೇಳಿದರು. ಪ್ಲೇಗಿನ ರಜೆಯಲ್ಲಿ ಮನೆಯಲ್ಲಿ ಕುಳಿತೇ ಆತನು ಜಗತ್ತಿನ ಗುಟ್ಟನ್ನು ಬಿಡಿಸಿದನಂತೆ. ಆ ರಜೆಯಲ್ಲಿ ಒಂದು ಪುಸ್ತಕವನ್ನೂ ಪೂರ್ತಿ ಓದದಿದ್ದ ನಾನು ನಾಚಿ ತಲೆತಗ್ಗಿಸಿದೆನು. ಮುಂದೆ ಆತನ ಜೀವನವನ್ನು ಓದಿದಾಗ, ಕಥೆಯು ಅಷ್ಟು ಸರಳವಲ್ಲವೆಂದು ತಿಳಿಯಿತು.

ನ್ಯೂಟನ್ನನು ಹುಟ್ಟಿದ್ದು ಇಂಗ್ಲೆಂಡಿನ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ, ಅಲ್ಲಿನ ಅಂದಿನ ಪಂಚಾಂಗದಂತೆ 1642ರ ಡಿಸೆಂಬರ್ 25ರಂದು. ತಂದೆಯು ಅದಕ್ಕೆ ಮೊದಲೇ ತೀರಿಕೊಂಡಿದ್ದನು. ಮಗನು ಹೊಲಮನೆ ನೋಡಿಕೊಳ್ಳಲೆಂದು ತಾಯಿಯ ಆಸೆ; ಹುಡುಗನಿಗೋ ಪುಸ್ತಕದ ಗೀಳು. 1661ರಲ್ಲಿ ಆತನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು, ಊಳಿಗದ ಷರತ್ತಿನ ಮೇಲೆ ಓದುವ ವಿದ್ಯಾರ್ಥಿಗಳ ದರ್ಜೆಯಲ್ಲಿ ಸೇರಿದನು. 1664ರಲ್ಲಿ ವಿದ್ಯಾರ್ಥಿವೇತನವೂ ಮರುವರ್ಷ ಬಿ.ಎ. ಪದವಿಯೂ ದೊರೆತವು.

1665ರಲ್ಲಿ ಲಂಡನ್ನಿನ ಮೇಲೆ ಪ್ಲೇಗು ಮಾರಿಯಂತೆ ಎರಗಿತು. ದಾಖಲೆಗೆ ಬಂದ ಪ್ಲೇಗಿನ ಸಾವುಗಳೇ 68,000ಕ್ಕೂ ಹೆಚ್ಚು. ಸೋಂಕು ಹರಡೀತೆಂದು ಕೇಂಬ್ರಿಜ್ಜಿನ ಪ್ರಸಿದ್ಧ ಸ್ಟೂರ್‌ಬ್ರಿಜ್ ಜಾತ್ರೆಯನ್ನು ನಿಲ್ಲಿಸಿದರು. ಆಗಸ್ಟಿನಲ್ಲಿ ಟ್ರಿನಿಟಿಯು ತನ್ನವರನ್ನು ಊರುಗಳಿಗೆ ಕಳುಹಿಸಿತು. ನ್ಯೂಟನ್ನನು ಅಷ್ಟರೊಳಗೇ ಹಳ್ಳಿ ಸೇರಿದ್ದನು. 1666ರ ಮಾರ್ಚಿಯಲ್ಲಿ ಮರಳಿದನು. ರೋಗವು ಮರುಕಳಿಸಲು ಜೂನಿನಲ್ಲಿ ಮತ್ತೆ ಹೊರಟನು. ಕೊನೆಗೆ ಹಿಂದಿರುಗಿದ್ದು 1667ರ ಏಪ್ರಿಲಿನಲ್ಲಿ.

ಈ ಅವಧಿಯಲ್ಲಿ ಆತನು ಕಲನಶಾಸ್ತ್ರ, ಬೆಳಕಿನ ಬಣ್ಣಗಳು, ಗುರುತ್ವಾಕರ್ಷಣೆ ಇವುಗಳನ್ನು ಕುರಿತು ಆಳವಾಗಿ ಚಿಂತಿಸಿದ್ದು ನಿಜ. ಆದರೆ ಗಣಿತದ ಬೀಜಗಳು ಬಿದ್ದದ್ದು ರಜೆಗೆ ಮುಂಚೆ, ಕಾಲೇಜಿನಲ್ಲಿ. ಡೆಕಾರ್ಟ್, ವಾಲಿಸರ ಗಣಿತವನ್ನು ಆತನು ಆಗಲೇ ಅರೆದು ಕುಡಿದಿದ್ದನು. ಹಳ್ಳಿಯಲ್ಲಿ ಹೊಲಮನೆಯ ಆಸರೆಯಿತ್ತು. ಊರುಗಳಿಗೆ ಚದುರಿದ ವೇತನದ ವಿದ್ಯಾರ್ಥಿಗಳಿಗೂ ಕಾಲೇಜು ಊಟದ ಬಾಬ್ತು ಹಣ ಕೊಟ್ಟಿತು. 1669ರಲ್ಲಿ ಆತನು ಅಲ್ಲಿಯೇ ಗಣಿತದ ಪ್ರಾಧ್ಯಾಪಕನಾದನು. ಗುರುತ್ವದ ವಿಚಾರವು ಹಣ್ಣಾಗಿ ಪ್ರಿನ್ಸಿಪಿಯ ಎಂಬ ಗ್ರಂಥವಾಗಿ ಹೊರಬಂದುದು 1687ರಲ್ಲಿ. 1727ರಲ್ಲಿ ಆ ಮಹಾನುಭಾವನು ಗತಿಸಿದನು.

ಸಹಪಾಠಿಗಳೇ, ರಜೆಗೆ ಮುಂಚಿನ ಓದು, ರಜೆಯಲ್ಲಿ ತಪ್ಪದ ಅನ್ನ, ರಜೆಯ ತರುವಾಯ ಇಪ್ಪತ್ತು ವರ್ಷಗಳ ದುಡಿಮೆ, ಈ ಮೂರನ್ನೂ ಬಿಟ್ಟು ನ್ಯೂಟನ್ನನ ಕಥೆಯನ್ನು ಹೇಳಬಾರದು. ಹಾಗೆ ಹೇಳಿದರೆ, 2020ರಲ್ಲಿ ಮನೆಯವರ ಕೂಲಿ ನಿಂತು, ಪುಸ್ತಕ ಮುಚ್ಚಿಟ್ಟು, ಒಲೆಯ ಚಿಂತೆ ಮಾಡಿದ ನಮ್ಮವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆ ದಿನಗಳಿಗಾಗಿ ನಾನೀಗ ನಾಚುವುದಿಲ್ಲ. ಇಂದು ನಮ್ಮ ವಾಚನಾಲಯದ ಬಾಗಿಲು ತೆರೆದಿದೆ. ಇನ್ನು ಓದದಿದ್ದರೆ ಮಾತ್ರ ನಾಚಬೇಕು.